ಅಲಗಿನಲ್ಲಿ ಕಾಣುವ ಕೋಣೆ

ಪ್ರಶ್ನೆ: ನನ್ನ ಸಂಗ್ರಹದ ಮಡಚುವ ಜೇಬುಚಾಕುಗಳ ಚಿತ್ರ ತೆಗೆದಾಗಲೆಲ್ಲ ಅಲಗಿನ ಮೇಲೆ ಟ್ಯೂಬ್‌ಲೈಟೂ ನನ್ನ ಮೊಬೈಲೂ ಮೂಡುತ್ತವೆ. ಪೋಲರೈಸರ್ ಫಿಲ್ಟರ್ ಕೊಳ್ಳಬೇಕೆ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಬೇಡ. ಗಾಜು, ನೀರುಗಳ ಹೊಳಪನ್ನು ತಗ್ಗಿಸುವ ಆ ಫಿಲ್ಟರ್ ಬರಿಯ ಲೋಹದ ಮುಂದೆ ಹೆಚ್ಚೇನೂ ಮಾಡಲಾರದು. ನುಣುಪಾದ ಉಕ್ಕು ಕನ್ನಡಿಯಂತೆ ವರ್ತಿಸುವುದರಿಂದ, ಅದಕ್ಕೆ ಏನನ್ನು ತೋರಿಸುತ್ತೀರೋ ಅದನ್ನೇ ಅದು ನಿಮಗೆ ಹಿಂದಿರುಗಿಸುತ್ತದೆ. ದೀಪ ಆರಿಸಿ, ಕಿಟಕಿಗೆ ಟ್ರೇಸಿಂಗ್ ಕಾಗದ ಅಂಟಿಸಿ, ಎದುರಿಗೆ ಬಿಳಿ ರಟ್ಟೊಂದನ್ನು ನಿಲ್ಲಿಸಿ, ಅಲಗಿನ ಉದ್ದಕ್ಕೂ ಬಿಳುಪು ಸಮನಾಗಿ ಹರಡುವವರೆಗೆ ಚಾಕುವನ್ನು ಕೂದಲೆಳೆಯಷ್ಟು ಓರೆ ಮಾಡುತ್ತಾ ಹೋಗಿ. ನಮ್ಮೂರಿನ ಆಷಾಢದ ಮೋಡ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಬಾಯಂಚು ಹಿನ್ನೆಲೆಯಲ್ಲಿ ಕರಗಿಹೋದರೆ, ಚೌಕಟ್ಟಿನ ಆಚೆ ಕಪ್ಪು ಕಾಗದದ ಪಟ್ಟಿಯೊಂದನ್ನು ಹಿಡಿಯಿರಿ. ಅದರ ನೆರಳಿನಂಥ ಗೆರೆ ಅಂಚನ್ನು ಎತ್ತಿ ತೋರಿಸುತ್ತದೆ.

ಮೊಬೈಲನ್ನು ತೀರ ಹತ್ತಿರ ಒಯ್ದರೆ ಹಿಡಿಯ ಆಕಾರ ಉಬ್ಬಿದಂತೆ ಕಾಣುವುದರಿಂದ, ದೂರ ಸರಿದು 2 ಪಟ್ಟು ಜೂಮ್ ಬಳಸುವುದು ಒಳಿತು.

ಫ್ರಾನ್ಸಿನ ಒಪಿನೆಲ್ ಕಂಪನಿಯ ಮಡಚು ಚಾಕುವಿದ್ದರೆ, 1955ರಲ್ಲಿ ಬಂದ ಅದರ ತಿರುಗುವ ಬೀಗದ ಉಂಗುರವನ್ನು ಬೇರೆಯಾಗಿಯೇ ಚಿತ್ರಿಸಿ. ಕಾರ್ಬನ್ ಉಕ್ಕಿನ ಅಲಗಾದರೆ, ಚಿತ್ರ ಮುಗಿದ ಕೂಡಲೇ ಬೆರಳಿನ ಬೆವರನ್ನು ಒರೆಸಿ ಎಣ್ಣೆ ಸವರಿ. ತುಕ್ಕು ನಿಮ್ಮ ಮುಂದಿನ ಭಾನುವಾರಕ್ಕಾಗಿ ಕಾಯುವುದಿಲ್ಲ.