ಸ್ಟೆಡ್ ಬರೆದದ್ದು ಭವಿಷ್ಯ ಅಲ್ಲ

ಟೈಟಾನಿಕ್‌ನಲ್ಲಿ ಸತ್ತ ಇಂಗ್ಲಿಷ್ ಸಂಪಾದಕ ಡಬ್ಲ್ಯು. ಟಿ. ಸ್ಟೆಡ್ ಆ ದುರಂತವನ್ನು ಮೊದಲೇ ಬರೆದಿದ್ದನಾ, ಜೈಲಿಗೂ ಹೋಗಿದ್ದನಾ ಅಂತ ಕೇಳಿದ್ದೀರಿ. ಜೈಲು ನಿಜ. ಮೊದಲನೆಯದಕ್ಕೆ ಜನ ಸುಮ್ನೆ ಮಸಾಲೆ ಹಚ್ಚುತ್ತಾರೆ.

22ನೇ ವಯಸ್ಸಿಗೇ ಡಾರ್ಲಿಂಗ್ಟನ್ನಿನ ನಾರ್ದರ್ನ್ ಎಕೋ ಪತ್ರಿಕೆಗೆ ಸಂಪಾದಕನಾದವನು ಈತ. ಆಮೇಲೆ ಲಂಡನ್ನಿನ ಪಾಲ್ ಮಾಲ್ ಗೆಜೆಟ್. ಅದರಲ್ಲಿ 1886ರಲ್ಲಿ ಒಂದು ಕಥೆ ಬರೆದ. ಅಟ್ಲಾಂಟಿಕ್‌ನಲ್ಲಿ ಎರಡು ಹಡಗು ಡಿಕ್ಕಿ ಹೊಡೆಯುತ್ತವೆ, ದೋಣಿ ಸಾಲದೆ ಜನ ಸಾಯುತ್ತಾರೆ. ಹಿಮಗಡ್ಡೆ ಬರುವುದು 1892ರ ಇನ್ನೊಂದು ಕಥೆಯಲ್ಲಿ. ದೋಣಿ ಕಡಿಮೆ ಇಟ್ಟರೆ ಹೀಗೇ ಆಗುತ್ತೆ ಅನ್ನುವುದು ಪತ್ರಕರ್ತನ ಲೆಕ್ಕಾಚಾರ, ಜ್ಯೋತಿಷ್ಯ ಅಲ್ಲ. 1912ರಲ್ಲಿ ಟೈಟಾನಿಕ್‌ನಲ್ಲಿದ್ದವರು ಸುಮಾರು 2,200 ಜನ, ದೋಣಿಗಳಲ್ಲಿ ಜಾಗ 1,178 ಜನಕ್ಕೆ. ಆತನಿಗೆ ಪ್ರೇತಗಳ ಜೊತೆ ಮಾತಾಡುವ ಹುಚ್ಚೂ ಇತ್ತು, ಅದಕ್ಕೇ ಇಂಥ ಕಥೆಗಳು ಜಾಸ್ತಿ ಅಂಟಿಕೊಳ್ಳುತ್ತವೆ.

ಜೈಲಿನದು ಬೇರೆಯೇ ವಿಷಯ. ಲಂಡನ್ನಿನಲ್ಲಿ ಬಡ ಹುಡುಗಿಯರನ್ನು ವೇಶ್ಯಾವೃತ್ತಿಗೆ ಮಾರುತ್ತಿದ್ದಾರೆ ಅಂತ ತೋರಿಸಲು 1885ರಲ್ಲಿ 13 ವರ್ಷದ ಎಲೈಜಾ ಆರ್ಮ್‌ಸ್ಟ್ರಾಂಗ್ ಎಂಬ ಹುಡುಗಿಯನ್ನು ತಾನೇ 5 ಪೌಂಡಿಗೆ 'ಕೊಳ್ಳುವ' ಏರ್ಪಾಡು ಮಾಡಿದ. ಇದರ ಬಗ್ಗೆ ಪಾಲ್ ಮಾಲ್ ಗೆಜೆಟ್‌ನಲ್ಲಿ ಅವನ ಲೇಖನ ಸರಣಿ ಶುರುವಾದಾಗ ದೊಡ್ಡ ಅಂಗಡಿಯವರು ಪತ್ರಿಕೆ ಮಾರಲು ಒಪ್ಪಲಿಲ್ಲ. ಜನ ಕಚೇರಿಗೇ ಮುಗಿಬಿದ್ದರು. ಅದೇ ವರ್ಷ ಹೊಸ ಕಾನೂನು ಬಂದು, ಲೈಂಗಿಕ ಸಂಬಂಧಕ್ಕೆ ಹುಡುಗಿಯರ ಸಮ್ಮತಿ ವಯಸ್ಸು 13ರಿಂದ 16ಕ್ಕೆ ಏರಿತು. ಆದರೆ ಹುಡುಗಿಯ ಅಪ್ಪನ ಒಪ್ಪಿಗೆ ಇರಲಿಲ್ಲ, ಅಪಹರಣದ ಕೇಸಾಗಿ ಮೂರು ತಿಂಗಳು ಶಿಕ್ಷೆಯಾಯಿತು. ಆಮೇಲೆ ಆ ಶಿಕ್ಷೆಯ ನೆನಪಿಗೆ ಪ್ರತಿ ನವೆಂಬರ್ 10ಕ್ಕೆ ಕೈದಿ ಬಟ್ಟೆ ಹಾಕಿಕೊಳ್ಳುತ್ತಿದ್ದ. ಸ್ವಲ್ಪ ಪ್ರದರ್ಶನದ ಮನುಷ್ಯ, ಅಲ್ವಾ? ಕಾನೂನು ಬಂದದ್ದು ಒಳ್ಳೆಯದೇ. ಆ ಏರ್ಪಾಡಿನಲ್ಲಿ ಏನೂ ತಿಳಿಯದ ಹುಡುಗಿಗೆ ಮಂಪರು ಬರಿಸುವ ಕ್ಲೋರೋಫಾರ್ಮ್ ಮೂಸಿಸಿದ್ದನ್ನು ಮಾತ್ರ ನಾನು ಒಪ್ಪಲಾರೆ.