ಓದುಗರ ಪ್ರಶ್ನೆ: ಗಂಡ-ಹೆಂಡತಿಯ ವೀಸಾಕ್ಕೆ ಸ್ಪಾನ್ಸರ್ ಆಗುವವರ ಹಣದ ಹೊಣೆ

ಈ ತಿಂಗಳ ಟಪಾಲಿನಲ್ಲಿ ಒಂದೇ ವಿಷಯದ ಪತ್ರಗಳು ಹಲವು. ವಿದೇಶದಲ್ಲಿರುವವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಎಷ್ಟು ಆದಾಯ ತೋರಿಸಬೇಕು, ಸಹಿ ಹಾಕಿದ ಮೇಲೆ ಆ ಹೊಣೆ ಎಲ್ಲಿಯವರೆಗೆ ಎಂಬುದು. ಐದನ್ನು ಆಯ್ದುಕೊಂಡಿದ್ದೇವೆ. ಇಲ್ಲಿನ ಮೊತ್ತಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಮಗಳು ಅಮೆರಿಕದ ಪ್ರಜೆ. ಓದು ಇನ್ನೂ ಮುಗಿದಿಲ್ಲ, ವರ್ಷಕ್ಕೆ ಬರುವ ಸಂಬಳ 20,000 ಡಾಲರ್. ಮದುವೆ ಊರಲ್ಲೇ ಆಯಿತು, ಅಳಿಯ ಇಲ್ಲಿದ್ದಾನೆ. ನನ್ನ ಹೆಸರಿನಲ್ಲಿ ಎರಡೆಕರೆ ಅಡಿಕೆ ತೋಟವಿದೆ, ಅಳಿಯನ ಹೆಸರಿನಲ್ಲಿ 60 ಸೆಂಟ್ಸ್. ತೋಟ ತೋರಿಸಿ ಆದಾಯದ ಕೊರತೆ ತುಂಬಿಸಬಹುದೇ? ಅಳಿಯನ ಇಲ್ಲಿನ ಸಂಬಳ ಲೆಕ್ಕಕ್ಕೆ ಬರುತ್ತದೆಯೇ?
— ಬದಿಯಡ್ಕದ ಓದುಗರು

ಸಂಬಳದ್ದು ಮೊದಲು ಮುಗಿಸೋಣ: ಬರುವುದಿಲ್ಲ. ಗ್ರೀನ್ ಕಾರ್ಡ್ ಸಿಕ್ಕ ಮೇಲೂ ಅದೇ ಮೂಲದಿಂದ ಮುಂದುವರಿಯುವ ಆದಾಯವಾದರೆ ಮಾತ್ರ ಅಳಿಯನದ್ದನ್ನು ಸೇರಿಸಬಹುದು. ಕಾಸರಗೋಡಿನ ಕೆಲಸ ಬಿಟ್ಟು ವಿಮಾನ ಹತ್ತುವವನ ಸಂಬಳ ಅಲ್ಲಿಗೇ ನಿಂತಿತು.

ನಿಮ್ಮ ಮಗಳು ಸಲ್ಲಿಸಬೇಕಾದದ್ದು ಐ-864 ಎಂಬ ಅಫಿಡವಿಟ್ ಆಫ್ ಸಪೋರ್ಟ್, ಅಂದರೆ ಬರುವವರ ಖರ್ಚಿನ ಹೊಣೆ ಹೊರುವ ಪತ್ರ. ಅಮೆರಿಕ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನ ರೇಖೆಯ ಶೇ. 125ರಷ್ಟು ಆದಾಯವನ್ನು ಅದರಲ್ಲಿ ತೋರಿಸಬೇಕು. 2025ರ ಪಟ್ಟಿಯಂತೆ ಇಬ್ಬರ ಕುಟುಂಬಕ್ಕೆ ಇದು 26,437 ಡಾಲರ್. ಅಲಾಸ್ಕ, ಹವಾಯಿಗೆ ಬೇರೆ ಪಟ್ಟಿ ಇದೆ. ಮಗಳಿಗೆ ಕೊರತೆಯಾಗುವುದು 6,437 ಡಾಲರ್. ಕೊರತೆಯನ್ನು ಆಸ್ತಿಯಿಂದ ತುಂಬಿಸುವುದಾದರೆ ಅಷ್ಟೇ ಮೌಲ್ಯದ ಆಸ್ತಿ ಸಾಲದು. ಸ್ಪಾನ್ಸರ್ ಪ್ರಜೆಯಾಗಿದ್ದು ಸಂಗಾತಿಯನ್ನು ಕರೆಸುವಾಗ ಕೊರತೆಯ ಮೂರು ಪಟ್ಟು, ಗ್ರೀನ್ ಕಾರ್ಡ್‌ನವರಾದರೆ ಐದು ಪಟ್ಟು. ನಿಮ್ಮ ಲೆಕ್ಕಕ್ಕೆ ಮೂರು ಪಟ್ಟೆಂದರೆ 19,311 ಡಾಲರ್, ಡಾಲರಿಗೆ 90 ರೂಪಾಯಿ ಹಿಡಿದರೆ 17 ಲಕ್ಷ 38 ಸಾವಿರ.

ನಿಮ್ಮ ಎರಡೆಕರೆಯನ್ನು ಮರೆತುಬಿಡಿ. ಲೆಕ್ಕಕ್ಕೆ ಬರುವುದು ಸ್ಪಾನ್ಸರ್‌ನ ಆಸ್ತಿ, ಅವರೊಂದಿಗೆ ಒಂದೇ ಮನೆಯಲ್ಲಿದ್ದು ಐ-864ಎ ಎಂಬ ಜೊತೆ ಹೊಣೆಯ ಪತ್ರಕ್ಕೆ ಸಹಿ ಹಾಕುವ ಬಂಧುಗಳ ಆಸ್ತಿ, ಮತ್ತು ವಲಸೆ ಹೋಗುವವನ ಸ್ವಂತ ಆಸ್ತಿ. ಊರಲ್ಲಿರುವ ಮಾವ ಈ ಮೂರರಲ್ಲಿ ಎಲ್ಲೂ ಇಲ್ಲ. ತೋಟವನ್ನು ಮಗಳ ಹೆಸರಿಗೆ ದಾನಪತ್ರ ಮಾಡೋಣವೆಂದರೆ ನಮ್ಮ ಫೆಮಾ (ವಿದೇಶಿ ವಿನಿಮಯ) ಕಾನೂನು ಬಿಡುವುದಿಲ್ಲ. ವಿದೇಶಿ ಪೌರತ್ವ ಪಡೆದವರು ಕೃಷಿಭೂಮಿಯನ್ನು, ತೋಟವನ್ನು ಕೊಳ್ಳುವಂತೆಯೂ ಇಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸುದಾರಿಕೆಯಿಂದ ಬಂದರೆ ಇಟ್ಟುಕೊಳ್ಳಬಹುದು.

ಅಳಿಯನ 60 ಸೆಂಟ್ಸ್ ಮಾತ್ರ ಬಳಕೆಗೆ ಬರುತ್ತದೆ. ಅದನ್ನು ಒಂದು ವರ್ಷದೊಳಗೆ ನಗದು ಮಾಡಿ ಹಣವನ್ನು ದೇಶದಿಂದ ಹೊರಗೆ ಒಯ್ಯಲು ಸಾಧ್ಯ ಎಂದು ತೋರಿಸಬೇಕು. ಭಾರತದಲ್ಲಿ ವಾಸವಿರುವವನು ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು, ಹಾಗಾಗಿ ಆ ದಿಕ್ಕಿನಿಂದ ತೊಂದರೆಯಿಲ್ಲ. ಕ್ರಯಪತ್ರ, ವಿಲ್ಲೇಜ್ ಆಫೀಸಿನ ಸ್ವಾಧೀನ ಪತ್ರ, ಈ ವರ್ಷದ ಭೂತೆರಿಗೆ ರಶೀದಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. (ಋಣಭಾರ ಪ್ರಮಾಣಪತ್ರ), ನೋಂದಾಯಿತ ವ್ಯಾಲ್ಯುವರ್‌ನ ವರದಿ ಇಷ್ಟನ್ನು ಜೋಡಿಸಿ. ಕನ್ನಡದ ಹಳೆಯ ಪತ್ರವಿರಲಿ, ಮಲಯಾಳದ ರಶೀದಿಯಿರಲಿ, ಎಲ್ಲದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಿದೆ ಎಂದು ಅನುವಾದಕರು ಸಹಿ ಹಾಕಿರಬೇಕು. ಸಾರಾಂಶ ಕೊಟ್ಟರೆ ನಡೆಯುವುದಿಲ್ಲ.

ಎಡವುವ ಜಾಗ ಹೆಚ್ಚಾಗಿ ಇ.ಸಿ. ಸಹಕಾರಿ ಬ್ಯಾಂಕಿನಿಂದ ಬೆಳೆಸಾಲ ಪಡೆಯುವಾಗ ಬರೆದುಕೊಟ್ಟ ಗಹಾನ್ (ಜಾಗದ ಅಡಮಾನ ಪತ್ರ), ಸಾಲ ತೀರಿ ವರ್ಷಗಳಾದರೂ ಅದರಲ್ಲಿ ಹಾಗೆಯೇ ಕೂತಿರುತ್ತದೆ. ಬ್ಯಾಂಕಿಗೆ ಹೋಗಿ ಬಿಡುಗಡೆ ಮಾಡಿಸಿ, ಹೊಸ ಇ.ಸಿ. ತೆಗೆಸಿ. ಸಾಲ ನಿಜವಾಗಿಯೂ ಬಾಕಿಯಿದ್ದರೆ ಅಷ್ಟನ್ನು ಕಳೆದು ಉಳಿದದ್ದೇ ಮೌಲ್ಯ. ಜಾಗ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದು ಪಾಲಾಗಿಲ್ಲದಿದ್ದರೆ ‘ಒಂದು ವರ್ಷದೊಳಗೆ ಮಾರಬಹುದು’ ಎಂಬ ಮಾತನ್ನು ಅಧಿಕಾರಿ ನಂಬುವುದು ಕಷ್ಟ. ಸರ್ಕಾರದ ನ್ಯಾಯಬೆಲೆ ಮಾರುಕಟ್ಟೆ ಬೆಲೆಗಿಂತ ಕಡಿಮೆ ಇರುವುದೇ ಹೆಚ್ಚು, ಆದ್ದರಿಂದ ವ್ಯಾಲ್ಯುವರ್ ಯಾವ ಬೆಲೆಯನ್ನು ಏಕೆ ಹಿಡಿದರು ಎಂಬುದು ವರದಿಯಲ್ಲೇ ಇರಲಿ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು, ಕ್ರಯಪತ್ರದಲ್ಲಿ ಬರೀ ‘ಕೆ.’ ಎಂಬ ಇನಿಶಿಯಲ್ ಇದ್ದರೆ ಇಬ್ಬರೂ ಒಬ್ಬನೇ ಎಂಬ ಪ್ರಮಾಣಪತ್ರವನ್ನೂ ಇಡಿ.

ನಮ್ಮನ್ನು ಕೇಳಿದರೆ ಜಾಗದ ಗೋಜಿಗಿಂತ ಬ್ಯಾಂಕ್ ಠೇವಣಿ ಸುಲಭ. ನೀವು ಅಳಿಯನಿಗೆ ಹಣವನ್ನು ಉಡುಗೊರೆಯಾಗಿ ಕೊಟ್ಟರೆ ಅವನಿಗೆ ಆದಾಯ ತೆರಿಗೆ ಬೀಳುವುದಿಲ್ಲ, ಹೆಂಡತಿಯ ತಂದೆ ತೆರಿಗೆ ಕಾನೂನಿನ ‘ಸಂಬಂಧಿಕರ’ ಪಟ್ಟಿಯೊಳಗೇ ಬರುತ್ತಾರೆ. ಆದರೆ ಸಂದರ್ಶನಕ್ಕೆ ವಾರ ಮುಂಚೆ ಖಾತೆಗೆ ಬಿದ್ದ ದೊಡ್ಡ ಮೊತ್ತ ಅನುಮಾನ ಹುಟ್ಟಿಸುತ್ತದೆ. ಬೇಗ ಹಾಕಿ, ದಾನಪತ್ರ ಬರೆದಿಡಿ, ನಿಮಗೆ ಆ ಹಣ ಬಂದ ದಾರಿಯ ದಾಖಲೆಯೂ ಕೈಯಲ್ಲಿರಲಿ.

ಇವೆಲ್ಲಕ್ಕಿಂತ ಮೊದಲು ಒಂದು ವಿಷಯ ನೋಡಿ. ನೋಡುವುದು ಕಳೆದ ವರ್ಷದ ತೆರಿಗೆ ದಾಖಲೆಯನ್ನಷ್ಟೇ ಅಲ್ಲ, ಈಗಿನ ಆದಾಯವನ್ನು. ಓದು ಮುಗಿಸಿ ಮಗಳು ಪೂರ್ಣಾವಧಿ ಕೆಲಸಕ್ಕೆ ಸೇರಿದರೆ ಕಂಪನಿಯ ಪತ್ರ ಮತ್ತು ಇತ್ತೀಚಿನ ಪೇ ಸ್ಲಿಪ್‌ಗಳಲ್ಲೇ ಕೆಲಸ ಮುಗಿಯಬಹುದು. ಆರು ತಿಂಗಳು ಕಾಯುವುದು ತೋಟದ ಕಡತಕ್ಕಿಂತ ಹಗುರ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಊರಿನ ಸಂಬಂಧಿಯೊಬ್ಬ ತನ್ನ ಹೆಂಡತಿಯ ವೀಸಾಕ್ಕೆ ಜಾಯಿಂಟ್ ಸ್ಪಾನ್ಸರ್ ಆಗು ಎನ್ನುತ್ತಿದ್ದಾನೆ. ‘ಹೆಸರಿಗೊಂದು ಸಹಿ, ದುಡ್ಡೇನೂ ಕೊಡಬೇಕಾಗಿಲ್ಲ’ ಎನ್ನುತ್ತಾನೆ. ಹಾಕಬಹುದೇ?
— ಪೆರ್ಲ ಮೂಲದ ಓದುಗರು

ಹಾಕಬಹುದು, ಆದರೆ ಅದು ಹೆಸರಿಗೊಂದು ಸಹಿಯಲ್ಲ. ನೀವು ಸಹಿ ಹಾಕುವುದೂ ಮೇಲೆ ಹೇಳಿದ ಐ-864ಕ್ಕೇ, ಅದು ಕೋರ್ಟಿನಲ್ಲಿ ಜಾರಿಗೊಳಿಸಬಹುದಾದ ಕರಾರು. ಮುಖ್ಯ ಸ್ಪಾನ್ಸರ್ ಮತ್ತು ನೀವು ಒಟ್ಟಾಗಿಯೂ ಬೇರೆಬೇರೆಯಾಗಿಯೂ ಹೊಣೆಗಾರರು, ಅಂದರೆ ಅವನನ್ನು ಬಿಟ್ಟು ನಿಮ್ಮೊಬ್ಬರಿಂದಲೇ ಪೂರ್ತಿ ವಸೂಲಿಗೆ ಬರಬಹುದು. ಬಂದವಳು ಮೆಡಿಕೇಡ್, ಸ್ನ್ಯಾಪ್, ಎಸ್‌ಎಸ್‌ಐ ಥರದ ಆದಾಯ ನೋಡಿ ಕೊಡುವ ನೆರವು ಪಡೆದರೆ ಕೊಟ್ಟ ಇಲಾಖೆ ಆ ಹಣವನ್ನು ನಿಮ್ಮಿಂದ ಕೇಳಬಹುದು. ಆಕೆಯ ಆದಾಯ ಬಡತನ ರೇಖೆಯ ಶೇ. 125ರ ಮಟ್ಟಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕೊಡಿಸಿ ಎಂದು ಆಕೆಯೇ ದಾವೆ ಹೂಡಬಹುದು.

ಜನ ತಪ್ಪು ತಿಳಿಯುವುದು ಈ ಹೊಣೆ ಮುಗಿಯುವ ವಿಷಯದಲ್ಲಿ. ವಿಚ್ಛೇದನವಾದರೆ ಮುಗಿಯುವುದಿಲ್ಲ. ಆಕೆ ಅಮೆರಿಕದ ಪ್ರಜೆಯಾದರೆ, ಅವಳ ಲೆಕ್ಕಕ್ಕೆ 40 ಕ್ವಾರ್ಟರ್ (ಅಲ್ಲಿನ ಸೋಶಿಯಲ್ ಸೆಕ್ಯುರಿಟಿಯಲ್ಲಿ ದುಡಿಮೆ ಅಳೆಯುವ ಘಟಕ) ದುಡಿಮೆ ಸೇರಿದರೆ, ಕಾಯಂ ವಾಸದ ಹಕ್ಕು ಬಿಟ್ಟು ದೇಶ ತೊರೆದರೆ ಅಥವಾ ತೀರಿಕೊಂಡರೆ ಮುಗಿಯುತ್ತದೆ. ಸಹಿ ಹಾಕಿದವರೇ ತೀರಿಕೊಂಡರೂ ಅಲ್ಲಿಗೆ ನಿಲ್ಲುತ್ತದೆ, ಅಲ್ಲಿಯವರೆಗಿನ ಬಾಕಿ ಮಾತ್ರ ಆಸ್ತಿಯ ಮೇಲೆ ಉಳಿಯುತ್ತದೆ. ವರ್ಷಕ್ಕೆ ನಾಲ್ಕು ಕ್ವಾರ್ಟರ್‌ಗಿಂತ ಹೆಚ್ಚು ಸೇರುವುದಿಲ್ಲ, ಹಾಗಾಗಿ 40 ಎಂದರೆ ಸುಮಾರು ಹತ್ತು ವರ್ಷ. 2025ರಲ್ಲಿ ಒಂದು ಕ್ವಾರ್ಟರಿಗೆ 1,810 ಡಾಲರ್ ಗಳಿಕೆ ಸಾಕಾಗಿತ್ತು. ಮದುವೆ ಉಳಿದಿದ್ದರೆ ಆ ಅವಧಿಯಲ್ಲಿ ಗಂಡ ದುಡಿದ ಕ್ವಾರ್ಟರ್‌ಗಳನ್ನೂ ಅವಳ ಲೆಕ್ಕಕ್ಕೆ ಹಿಡಿಯಬಹುದು. ವಿಚ್ಛೇದನವಾದರೆ ಆ ಅನುಕೂಲ ಹೋಗುತ್ತದೆ. ಮದುವೆ ಮುರಿದಾಗಲೇ ನಿಮ್ಮ ಹೊಣೆಯ ಅವಧಿ ಉದ್ದವಾಗುತ್ತದೆ ಎಂಬುದನ್ನು ಗಮನಿಸಿ.

‘ಮದುವೆಗೆ ಮುಂಚೆ ಕರಾರು ಮಾಡಿಕೊಂಡಿದ್ದಾರೆ, ಅವಳು ಏನೂ ಕೇಳುವುದಿಲ್ಲ’ ಎಂಬ ಸಮಾಧಾನ ಬೇಡ. ವಿವಾಹಪೂರ್ವ ಕರಾರು ಈ ಹೊಣೆಯನ್ನು ಅಳಿಸುವುದಿಲ್ಲ ಎಂದು ಎರ್ಲರ್ ಪ್ರಕರಣದಲ್ಲಿ ಅಲ್ಲಿನ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ 2016ರಲ್ಲಿ ಹೇಳಿದೆ. ‘ಅವಳು ಕೆಲಸ ಹುಡುಕಲೇ ಇಲ್ಲ, ನಾನೇಕೆ ಕೊಡಲಿ’ ಎಂಬ ವಾದವನ್ನು ಏಳನೇ ಸರ್ಕ್ಯೂಟ್ 2012ರ ಲಿಯು-ಮಂಡ್ ಪ್ರಕರಣದಲ್ಲಿ ಒಪ್ಪಲಿಲ್ಲ.

ಆದಾಯದ ಮಟ್ಟಕ್ಕೆ ಬಂದರೆ, ನಿಮ್ಮ ಮನೆಯಲ್ಲಿ ನಾಲ್ವರಿದ್ದರೆ ಬರುವವಳನ್ನೂ ಸೇರಿಸಿ ಐವರ ಕುಟುಂಬ, 2025ರ ಲೆಕ್ಕದಲ್ಲಿ 47,062 ಡಾಲರ್. ಅವನ ಅರ್ಧ, ನಿಮ್ಮ ಅರ್ಧ ಎಂದು ಕೂಡಿಸುವಂತಿಲ್ಲ, ಜಾಯಿಂಟ್ ಸ್ಪಾನ್ಸರ್ ಒಬ್ಬರೇ ಪೂರ್ತಿ ಮಟ್ಟ ಮುಟ್ಟಬೇಕು. ನಾಳೆ ನೀವೇ ಯಾರನ್ನಾದರೂ ಕರೆಸುವಾಗ ಹೊಣೆ ಮುಗಿಯದ ಈಕೆಯೂ ನಿಮ್ಮ ಕುಟುಂಬದ ತಲೆ ಲೆಕ್ಕದಲ್ಲಿರುತ್ತಾಳೆ. ಮನೆ ಬದಲಾಯಿಸಿದರೆ 30 ದಿನದೊಳಗೆ ವಿಳಾಸ ಬದಲಾವಣೆಯ ಐ-865 ಫಾರಂ ಕಳುಹಿಸಬೇಕು, ತಪ್ಪಿದರೆ 250ರಿಂದ 2,000 ಡಾಲರ್ ದಂಡ. ಅವಳು ಸರ್ಕಾರಿ ನೆರವು ಪಡೆದದ್ದು ಗೊತ್ತಿದ್ದೂ ತಿಳಿಸದಿದ್ದರೆ 5,000ದವರೆಗೆ ಹೋಗುತ್ತದೆ.

ಮನಸ್ಸು ಬದಲಾದರೆ ವೀಸಾ ಮಂಜೂರಾಗುವ ಮುಂಚೆ ಲಿಖಿತವಾಗಿ ಹಿಂದೆಗೆದುಕೊಳ್ಳಿ. ಆಕೆ ಕಾಯಂ ವಾಸಿಯಾಗಿ ಒಳಬಂದ ಮೇಲೆ ದಾರಿಯಿಲ್ಲ.

ತಮ್ಮ ಶಾರ್ಜಾದಲ್ಲಿದ್ದಾನೆ, ಸಂಬಳ 3,500 ದಿರ್ಹಮ್. ಹೆಂಡತಿಯನ್ನು ಕರೆಸಿಕೊಳ್ಳಬಹುದೇ? ಜಮಾಅತ್ ಕೊಟ್ಟ ನಿಕಾಹ್ ಸರ್ಟಿಫಿಕೇಟ್ ಇದೆ.
— ಉಪ್ಪಳದ ಓದುಗರು

ಯುಎಇಯಲ್ಲಿ ಸಂಬಳ 4,000 ದಿರ್ಹಮ್ ಇರಬೇಕು, ಇಲ್ಲವೇ 3,000 ಮತ್ತು ವಸತಿ. ಕಂಪನಿ ಮನೆ ಕೊಟ್ಟಿದ್ದು, ಅದು ಕರಾರಿನಲ್ಲಿ ದಾಖಲಾಗಿದ್ದರೆ ತಮ್ಮನಿಗೆ ಸಾಕು. ಬೆಡ್ ಸ್ಪೇಸ್ (ಹಲವರ ಕೋಣೆಯಲ್ಲಿ ಒಂದು ಹಾಸಿಗೆ) ಇದ್ದರೆ ಪ್ರಯೋಜನವಿಲ್ಲ, ಅವನ ಹೆಸರಿನ ನೋಂದಾಯಿತ ಬಾಡಿಗೆ ಕರಾರು ಬೇಕು.

ಜಮಾಅತಿನ ಪತ್ರ ಒಂದೇ ಸಾಲದು. ಪಂಚಾಯತಿನಲ್ಲಿ ಮದುವೆ ನೋಂದಾಯಿಸಿ ಸರ್ಟಿಫಿಕೇಟ್ ಪಡೆಯಿರಿ. ಕೇರಳದ 2008ರ ನಿಯಮದಂತೆ ಮದುವೆಯಾಗಿ 45 ದಿನದೊಳಗೆ ಅರ್ಜಿ ಕೊಟ್ಟರೆ ಸರಾಗ. ಆಮೇಲೆ ರಾಜ್ಯ ಮಟ್ಟದ ದೃಢೀಕರಣ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ, ಇದೇ ಕ್ರಮದಲ್ಲಿ. ಒಂದೇ ಮುದ್ರೆ ಹಾಕಿದ ಪತ್ರವನ್ನು ದೇಶಗಳು ಪರಸ್ಪರ ಒಪ್ಪುವ ಅಪೋಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ, ಅಪೋಸ್ಟಿಲ್ ಮುದ್ರೆ ಹಾಕಿಸಿ ಕಳುಹಿಸಿದ ಪತ್ರ ವಾಪಸು ಬರುತ್ತದೆ. ಹೆಸರಿನ ಕಾಗುಣಿತ ಎರಡೂ ಪಾಸ್‌ಪೋರ್ಟ್‌ಗೆ ಹೊಂದುವುದನ್ನು ಮೊದಲ ಮುದ್ರೆಗೂ ಮುಂಚೆ ನೋಡಿ. ಎಂಟ್ರಿ ಪರ್ಮಿಟ್‌ನಲ್ಲಿ ಒಳಹೋದ ಮೇಲೆ 60 ದಿನದೊಳಗೆ ವೈದ್ಯಕೀಯ ಪರೀಕ್ಷೆ ಮುಗಿಸಿ ರೆಸಿಡೆನ್ಸ್‌ಗೆ ಅರ್ಜಿ ಹಾಕಬೇಕು. ಹೆಂಡತಿಯ ವೀಸಾ ಗಂಡನ ವೀಸಾಕ್ಕೆ ಕಟ್ಟಿದ್ದು, ಅವನ ಕೆಲಸ ಹೋದರೆ ಇವಳದ್ದೂ ನಿಲ್ಲುತ್ತದೆ.

ಕೆಲಸ ಬದಲಿಸಿ ಬೇರೆ ಕೊಲ್ಲಿ ದೇಶಕ್ಕೆ ಹೋಗುವ ಯೋಚನೆಯಿದ್ದರೆ: ಸೌದಿಯಲ್ಲಿ 2020ರಿಂದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 400 ರಿಯಾಲ್ ಶುಲ್ಕ, ವರ್ಷಕ್ಕೆ 4,800. ಕುವೈಟ್ 2024ರಲ್ಲಿ ಕುಟುಂಬ ವೀಸಾಕ್ಕೆ 800 ದಿನಾರ್ ಸಂಬಳದ ಮಿತಿ ಇಟ್ಟಿದೆ.

ಮಗ ಲಂಡನ್ನಿನಲ್ಲಿ ಕಾಯಂ ವಾಸಿ, ಸಂಬಳ ವರ್ಷಕ್ಕೆ 26,000 ಪೌಂಡ್. ಸೊಸೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾಳೆ. ಇಬ್ಬರದ್ದನ್ನೂ ಸೇರಿಸಿ ತೋರಿಸಬಹುದೇ?
— ಹೊಸೂರಿನ ಓದುಗರು

ಸೊಸೆಯ ಸಂಬಳ ಸೇರುವುದಿಲ್ಲ, ಅವಳ ಉಳಿತಾಯ ಸೇರುತ್ತದೆ. 2024ರ ಏಪ್ರಿಲ್ 11ರಿಂದ ಬ್ರಿಟನ್ನಿನ ಮಿತಿ 29,000 ಪೌಂಡ್. ಕೊರತೆಯನ್ನು ಎರಡೂವರೆಯಿಂದ ಗುಣಿಸಿ ಅದಕ್ಕೆ 16,000 ಕೂಡಿಸಿ: 3,000ಕ್ಕೆ 7,500, ಒಟ್ಟು 23,500 ಪೌಂಡ್. ಸಂಬಳವೇ ಇಲ್ಲದೆ ಉಳಿತಾಯವನ್ನೇ ತೋರಿಸುವವರಿಗೆ ಇದೇ ಸೂತ್ರದಲ್ಲಿ 88,500. ಆ ಹಣ ಇಬ್ಬರಲ್ಲಿ ಯಾರ ಖಾತೆಯಲ್ಲಿದ್ದರೂ ಸರಿ, ಉಡುಗೊರೆಯಾದರೂ ಸರಿ, ಆರು ತಿಂಗಳು ಆ ಮೊತ್ತಕ್ಕಿಂತ ಕೆಳಗಿಳಿದಿರಬಾರದು. ಒಂದು ದಿನ ಇಳಿದರೂ ಅರ್ಜಿ ಬೀಳುತ್ತದೆ, ರೂಪಾಯಿ ಖಾತೆಯಾದರೆ ವಿನಿಮಯ ದರಕ್ಕೆಂದು ಸ್ವಲ್ಪ ಹೆಚ್ಚೇ ಇಡಿ. ಮಗನ ಆರು ತಿಂಗಳ ಪೇ ಸ್ಲಿಪ್ ಮತ್ತು ಅದೇ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಪೈಸೆಗೆ ಪೈಸೆ ಹೊಂದಬೇಕು.

ಅರ್ಜಿ ಶುಲ್ಕವಲ್ಲದೆ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್ ಇದೆ. 33 ತಿಂಗಳ ವೀಸಾಕ್ಕೆ ಮೂರು ವರ್ಷದ್ದು ಮುಂಗಡವಾಗಿ, 3,105. ವೀಸಾ ವಿಸ್ತರಿಸುವಾಗ ಆದಾಯವನ್ನು ಮತ್ತೆ ತೋರಿಸಬೇಕು, ಆಗ ಸೊಸೆ ಅಲ್ಲಿ ದುಡಿದದ್ದೂ ಲೆಕ್ಕಕ್ಕೆ ಬರುತ್ತದೆ.

ಮಗಳು ಟೊರೊಂಟೊದಲ್ಲಿ ಪಿಆರ್ (ಕಾಯಂ ವಾಸಿ). ಗಂಡನನ್ನು ಕರೆಸಲು ಎಷ್ಟು ಆದಾಯ ಬೇಕು?
— ಅಕ್ಕಲಕೋಟೆಯ ಓದುಗರು

ಕೆನಡಾದಲ್ಲಿ ಸಂಗಾತಿಗೆ ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿಯಿಲ್ಲ. ಆದರೆ ಮಗಳು ಅಂಗವೈಕಲ್ಯದ ಕಾರಣಕ್ಕಲ್ಲದೆ ಸರ್ಕಾರಿ ನೆರವು ಪಡೆಯುತ್ತಿರಬಾರದು, ದಿವಾಳಿ ಪ್ರಕರಣ ಬಾಕಿ ಇರಬಾರದು, ಪಿಆರ್ ಆದ್ದರಿಂದ ಕೆನಡಾದಲ್ಲೇ ವಾಸವಿರಬೇಕು. ಅಳಿಯನಿಗೆ ಪಿಆರ್ ಆದ ದಿನದಿಂದ ಮೂರು ವರ್ಷ ಅವನ ಮೂಲ ಅಗತ್ಯಗಳ ಹೊಣೆ ಅವಳದ್ದು. ನಡುವೆ ವಿಚ್ಛೇದನವಾದರೂ ಬಿಡುಗಡೆಯಿಲ್ಲ. ಅಳಿಯ ಆ ಅವಧಿಯಲ್ಲಿ ಸೋಶಿಯಲ್ ಅಸಿಸ್ಟೆನ್ಸ್ ಪಡೆದರೆ ಪ್ರಾಂತ್ಯ ಸರ್ಕಾರ ಅದನ್ನು ಮಗಳಿಂದ ಸಾಲವಾಗಿ ವಸೂಲು ಮಾಡಬಹುದು. ಕಂತು ಕೇಳಬಹುದು, ಮನ್ನಾ ಆಗುವುದಿಲ್ಲ ಎಂಬರ್ಥದಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ 2011ರ ಮಾವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆ ಬಾಕಿ ತೀರುವವರೆಗೆ ಅವಳು ನಿಮ್ಮನ್ನೂ ಸ್ಪಾನ್ಸರ್ ಮಾಡುವಂತಿಲ್ಲ.