ಪ್ರತಿಕ್ರಿಯೆ: ರೆಕಾರ್ಡಿಂಗ್‌ನಲ್ಲಿ ಗುಡುಗುಡು ಮತ್ತು ಸುಯ್ ಸದ್ದು

ಸಣ್ಣ ರೆಕಾರ್ಡರ್ ಕೈಯಲ್ಲಿ ಹಿಡಿದು ಸಂಗೀತ ಕಾರ್ಯಕ್ರಮ ರೆಕಾರ್ಡ್ ಮಾಡಿದರೆ ನಡುನಡುವೆ ಗುಡುಗುಡು, ಹಾಡು ನಿಂತಾಗ ಸುಯ್ ಅನ್ನುವ ಸದ್ದು ಬರುತ್ತದೆ ಅಂದಿರಿ. ಎರಡಕ್ಕೂ ಕಾರಣ ಬೇರೆ ಬೇರೆ.

ಗುಡುಗುಡು ಬಹುಶಃ ನಿಮ್ಮ ಕೈಯದ್ದೇ. ಬೆರಳು ಸ್ವಲ್ಪ ಜರುಗಿದರೂ ಆ ಅದುರು ನೇರ ಮೈಕಿಗೆ ಹೋಗುತ್ತದೆ. ಟ್ರೈಪಾಡ್ ಮೇಲೆ ಕೂರಿಸಿ, ಕಾಲುಗಳ ಕೆಳಗೆ ದಪ್ಪ ಸ್ಪಂಜು ಇಡಿ. ರೆಕಾರ್ಡರ್‌ನಲ್ಲಿ ಲೋ ಕಟ್ (ತೀರಾ ತಗ್ಗು ಸ್ವರದ ಸದ್ದನ್ನು ಕತ್ತರಿಸುವ ಸೆಟ್ಟಿಂಗ್) ಇದ್ದರೆ 80 ಹರ್ಟ್ಸ್‌ಗೆ ಹಾಕಿ. ಬೇಸ್ ಗಿಟಾರ್, ದೊಡ್ಡ ಡ್ರಮ್ ಇರುವ ಕಡೆ ಮಾತ್ರ ಬೇಡ, ಅವುಗಳ ತೂಕವೇ ಹೋಗಿಬಿಡುತ್ತದೆ.

ಸುಯ್ ಸದ್ದಿಗೆ ನನ್ನ ಅನುಮಾನ ಆಟೋ ಲೆವೆಲ್ (ಸದ್ದಿನ ಮಟ್ಟವನ್ನು ರೆಕಾರ್ಡರೇ ಹೊಂದಿಸಿಕೊಳ್ಳುವ ಸೆಟ್ಟಿಂಗ್) ಮೇಲೆ. ಹಾಡು ನಿಂತ ಕೂಡಲೇ ಅದು ಸುಮ್ನೆ ಇರದೆ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ, ಏರಿಸುತ್ತದೆ. ಫ್ಯಾನು, ಕೆಮ್ಮು ಎಲ್ಲ ಜೋರಾಗುತ್ತವೆ. ಅದನ್ನು ಆಫ್ ಮಾಡಿ. ರೆಕಾರ್ಡಿಂಗ್ ಗುಣಮಟ್ಟವನ್ನು 24 ಬಿಟ್‌ನಲ್ಲಿ ಇಟ್ಟು, ಅತಿ ಜೋರಾದ ಕಡೆಯೂ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ಇರುವಂತೆ ಗೇನ್ ಹೊಂದಿಸಿ. ಕಡಿಮೆ ಆಯಿತು ಅನಿಸಿದರೆ ಆಮೇಲೆ ಏರಿಸಬಹುದು. ಗೇನ್ ಹೆಚ್ಚಾಗಿ ಒಡೆದ ಸದ್ದನ್ನು ಸರಿಪಡಿಸುವುದು ಕಷ್ಟ ಅಲ್ವಾ?

ಎಸಿ ಗಾಳಿ ಬೀಸುವ ಕಡೆ ಒಳಾಂಗಣದಲ್ಲೂ ಮೈಕಿಗೆ ಫೋಮ್ ಟೋಪಿ ಹಾಕಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಪಕ್ಕದವರ ಪಿಸುಮಾತು ತಪ್ಪಬೇಕಾದರೆ ಆಯೋಜಕರನ್ನು ಕೇಳಿ ವೇದಿಕೆಗೆ ಹತ್ತಿರ, ತಲೆಗಳಿಗಿಂತ ಎತ್ತರದಲ್ಲಿ ಇಡಿ. ಚಪ್ಪಾಳೆಯನ್ನಂತೂ ತೆಗೆಯಲು ಹೋಗಬೇಡಿ.